ಪದ ಎಣಿಸುವ ಮ್ಯಾಕ್ರೋ ಜಾಸ್ತಿ ಲೆಕ್ಕ ಕೊಡುತ್ತಿತ್ತು

ಅನುವಾದದ ಕೆಲಸದಲ್ಲಿ ಪದಕ್ಕಿಷ್ಟು ಅಂತ ಬಿಲ್ ಮಾಡುತ್ತೇವೆ. ಒಂದು ಫೋಲ್ಡರಿನಲ್ಲಿರುವ ಅಷ್ಟೂ ವರ್ಡ್ ಫೈಲುಗಳನ್ನು ತೆರೆದು, ಪದ ಎಣಿಸಿ, ಒಟ್ಟು ಮೊತ್ತ ತೋರಿಸುವ ಮ್ಯಾಕ್ರೋ (ವರ್ಡ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ) ಒಂದು ನನ್ನ ಕೈಗೆ ಸಿಕ್ಕಿತ್ತು. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅದು ಹೇಳುವ ಸಂಖ್ಯೆ ಕೆಳಗಿನ ಸ್ಟೇಟಸ್ ಬಾರಿನಲ್ಲಿ ಕಾಣುವುದಕ್ಕಿಂತ ಯಾವಾಗಲೂ ಜಾಸ್ತಿ. ಜಾಸ್ತಿ ಬಂದರೆ ನನಗೇ ಲಾಭ ನಿಜ, ಆದರೆ ಬಿಲ್ ನೋಡುವವರೂ ಅದೇ ಫೈಲ್ ತೆರೆದು ನೋಡುತ್ತಾರಲ್ವಾ!

ದೊಡ್ಡ ಫೈಲ್ ಪಕ್ಕಕ್ಕಿಟ್ಟು, ಖಾಲಿ ಫೈಲಿನಲ್ಲಿ ಒಂದೇ ವಾಕ್ಯ ಟೈಪ್ ಮಾಡಿದೆ: ‘ಮಳೆ ಬಂತು, ಬಿಸಿಲು ಹೋಯಿತು.’ ಸ್ಟೇಟಸ್ ಬಾರ್ 4 ಅಂದಿತು, ಮ್ಯಾಕ್ರೋ 7 ಅಂದಿತು. ಆ ಮೂರು ಎಲ್ಲಿಂದ ಬಂದವು?

ಆಲ್ಟ್ ಮತ್ತು ಎಫ್11 ಒತ್ತಿದರೆ ಮ್ಯಾಕ್ರೋ ಎಡಿಟರ್. ಅಲ್ಲಿ ಕಂಟ್ರೋಲ್ ಮತ್ತು ಜಿ ಒತ್ತಿದರೆ ಇಮ್ಮಿಡಿಯೇಟ್ ವಿಂಡೋ, ಅಂದರೆ ಒಂದು ಸಾಲಿನ ಆದೇಶ ಕೊಟ್ಟು ಆಗಲೇ ಓಡಿಸಿ ನೋಡುವ ಜಾಗ. ಪದಗಳನ್ನು ಅಲ್ಲೇ ಪ್ರಿಂಟ್ ಮಾಡಿಸಲು ಹೋದರೆ ಬರೀ ಪ್ರಶ್ನೆಚಿಹ್ನೆಗಳ ಸಾಲು. ಆ ಎಡಿಟರ್ ಯೂನಿಕೋಡ್ ಕನ್ನಡವನ್ನು ತೋರಿಸುವುದಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ. ‘ಆಕ್ಟಿವ್‌ಡಾಕ್ಯುಮೆಂಟ್.ವರ್ಡ್ಸ್(3).ಸೆಲೆಕ್ಟ್’ ಅಂತ ಇಂಗ್ಲಿಷಿನಲ್ಲಿ ಕೊಟ್ಟು ಎಂಟರ್ ಒತ್ತಿದರೆ, ಮ್ಯಾಕ್ರೋ ಮೂರನೆಯ ಪದ ಅಂದುಕೊಂಡಿರುವುದು ಫೈಲಿನಲ್ಲೇ ಸೆಲೆಕ್ಟ್ ಆಗುತ್ತದೆ. ನೋಡಿದರೆ ಅಲ್ಪವಿರಾಮ! ಆರನೆಯದು ಪೂರ್ಣವಿರಾಮ, ಏಳನೆಯದು ಪ್ಯಾರಾ ಮುಗಿದ ಗುರುತು.

ಅಂದರೆ ಮ್ಯಾಕ್ರೋದಲ್ಲಿ ಪದ ಎಣಿಸಲು ಬಳಸಿದ್ದ ‘ವರ್ಡ್ಸ್.ಕೌಂಟ್’ ಎಣಿಸುವುದು ಪದಗಳನ್ನು ಮಾತ್ರವಲ್ಲ, ಚಿಹ್ನೆಗಳನ್ನೂ. ಜೋಡಿಪದಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ‘ಊಟ-ತಿಂಡಿ’ ಸ್ಟೇಟಸ್ ಬಾರಿಗೆ ಒಂದು ಪದ, ಇದಕ್ಕೆ ಮೂರು. ಸಂಭಾಷಣೆ ತುಂಬಿದ ಕಥೆಯಾದರೆ ಕೇಳಲೇಬೇಡಿ.

ಆ ಸಾಲು ತೆಗೆದು ‘ಕಂಪ್ಯೂಟ್‌ಸ್ಟ್ಯಾಟಿಸ್ಟಿಕ್ಸ್’ ಹಾಕಿದೆ. ಪದ ಬೇಕು ಅಂತ ಹೇಳಲು ಬ್ರಾಕೆಟ್ಟಿನಲ್ಲಿ ‘ಡಬ್ಲ್ಯುಡಿಸ್ಟ್ಯಾಟಿಸ್ಟಿಕ್‌ವರ್ಡ್ಸ್’ ಕೊಡಬೇಕು. ಈಗ 4 ಬಂತು. ಆದರೆ ಅಡಿಟಿಪ್ಪಣಿ ಇರುವ ಫೈಲುಗಳಲ್ಲಿ ಮತ್ತೆ ವ್ಯತ್ಯಾಸ, ಈ ಸಲ ಕಡಿಮೆ. ವರ್ಡ್ ಕೌಂಟ್ ಡಬ್ಬಿಯಲ್ಲಿ ಅಡಿಟಿಪ್ಪಣಿಗಳನ್ನೂ ಸೇರಿಸು ಅನ್ನುವ ಟಿಕ್ ಇದೆಯಲ್ಲ, ನನ್ನಲ್ಲಿ ಅದು ಆನ್ ಆಗಿತ್ತು. ಮ್ಯಾಕ್ರೋಗೆ ಅದನ್ನು ಬೇರೆಯಾಗಿ ಹೇಳಬೇಕು. ಅದೇ ಬ್ರಾಕೆಟ್ಟಿನಲ್ಲಿ ಕಾಮಾ ಹಾಕಿ ‘ಟ್ರೂ’ ಅಂದರೆ ಸಾಕು. ಅಡಿಟಿಪ್ಪಣಿಗೆ ದುಡ್ಡು ಉಂಟೋ ಇಲ್ಲವೋ ಅಂತ ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು, ಅದು ಮ್ಯಾಕ್ರೋ ಬಗೆಹರಿಸುವ ವಿಷಯ ಅಲ್ಲ.

ಇಷ್ಟಾದ ಮೇಲೆ ದೊಡ್ಡ ಫೋಲ್ಡರ್ ಕೊಟ್ಟರೆ ಅರ್ಧದಲ್ಲಿ ನಿಂತುಬಿಟ್ಟಿತು: ರನ್‌ಟೈಮ್ ಎರರ್ 6, ಓವರ್‌ಫ್ಲೋ. ಇದು ಸುಲಭದ್ದು. ಮೊತ್ತ ಇಡುವ ವೇರಿಯಬಲ್ ‘ಇಂಟಿಜರ್’ ಆಗಿತ್ತು. ಅದರಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ‘ಲಾಂಗ್’ ಅಂತ ಬದಲಿಸಿದೆ, ಮುಗಿಯಿತು.

ಕೊನೆಗೆ ‘ಒಟ್ಟು ಪದಗಳು’ ಅಂತ ಸಂದೇಶ ಕನ್ನಡದಲ್ಲೇ ಬರಲಿ ಅಂತ ಆಸೆಯಾಯಿತು. ಕೋಡಿನಲ್ಲಿ ಕನ್ನಡ ಟೈಪ್ ಮಾಡಿದರೆ ಅದೇ ಪ್ರಶ್ನೆಚಿಹ್ನೆಗಳು. ‘ಸಿಎಚ್‌ಆರ್‌ಡಬ್ಲ್ಯು’ ಬಳಸಿ ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆ ಪೋಣಿಸಬಹುದು, ಆದರೆ ಅಷ್ಟು ತಾಳ್ಮೆ ಯಾರಿಗಿದೆ? ಮ್ಯಾಕ್ರೋ ಹೊಸ ಫೈಲ್ ತೆರೆದು ಸಂಖ್ಯೆಯನ್ನಷ್ಟೇ ಬರೆಯುವ ಹಾಗೆ ಮಾಡಿದೆ. ಪಕ್ಕದ ಮಾತು ನಾನೇ ಟೈಪ್ ಮಾಡಿಕೊಳ್ಳುತ್ತೇನೆ.