ಟಿಕೆಟ್ ಕೊಳ್ಳುವ ಮುನ್ನ ಸಹಿ ಯಾರದೆಂದು ನೋಡಿ

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಹಾಸನದಲ್ಲಿ ನಾನು ಪಾಠ ಮಾಡುವ ತರಗತಿಯ ಒಂದು ಗುಂಪು ಮುರುಡೇಶ್ವರಕ್ಕೆ ಹೊರಡುವ ಮಾತು ಎತ್ತುತ್ತದೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಬೇಕೆಂಬುದು ಅವರ ಆಸೆ. ಕೆಲಸ ಸಿಕ್ಕ ಹಳೆಯ ವಿದ್ಯಾರ್ಥಿಗಳು ಅಂಡಮಾನಿಗೆ ಹೋಗುತ್ತಾರೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಅನುಕೂಲಸ್ಥ ತೋಟದ ಮನೆತನದವರು ಪರದೇಶದಲ್ಲಿ ಪ್ರವಾಸಿ ಜಲಾಂತರ್ಗಾಮಿಗಳನ್ನೂ ಹತ್ತಿ ಬಂದಿದ್ದಾರೆ. ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುವವನಾಗಿ, ಹಣ ಕಟ್ಟುವ ಮುನ್ನ ಏನನ್ನು ಕೇಳಬೇಕು, ಯಾರನ್ನು ಗಮನಿಸಬೇಕು ಎಂಬುದನ್ನು ಹೇಳಿಕೊಡುವುದು ನನ್ನ ಹೊಣೆಯೆಂದು 2023ರ ಜೂನ್‌ನಿಂದ ಈಚೆಗೆ ನಂಬಿದ್ದೇನೆ.

ಆ ತಿಂಗಳ 18ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ, ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿಯುತ್ತಿದ್ದ ಓಷನ್‌ಗೇಟ್ ಕಂಪನಿಯ ‘ಟೈಟನ್’ ನೌಕೆ ಸುತ್ತಲಿನ ನೀರಿನ ಒತ್ತಡಕ್ಕೆ ಒಳಮುಖವಾಗಿ ಕುಸಿದು ನುಚ್ಚುನೂರಾಯಿತು. ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಶ್, ಆ ಅವಶೇಷದ ಬಳಿಗೆ ಹತ್ತಾರು ಸಲ ಇಳಿದಿದ್ದ ಫ್ರೆಂಚ್ ತಜ್ಞ ಪಾಲ್-ಆನ್ರಿ ನಾರ್ಜೊಲೆ, 19 ವರ್ಷದ ಒಬ್ಬ ಹುಡುಗ ಮತ್ತು ಅವನ ತಂದೆಯೂ ಸೇರಿ ಐವರು ಸತ್ತರು. ಒಂದು ಸೀಟಿನ ಬೆಲೆ 2,50,000 ಡಾಲರ್ ಇತ್ತು. ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟ್‌ನಲ್ಲಿ ಹೊರತಂದ ತನಿಖಾ ವರದಿ ಈ ಸಾವುಗಳನ್ನು ತಡೆಯಬಹುದಿತ್ತು ಎಂದು ನೇರವಾಗಿ ಹೇಳಿತು.

ಮೊದಲು ಆಳದ ಅಂದಾಜು ಮನಸ್ಸಿನಲ್ಲಿರಲಿ. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್ ಕೆಳಗೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಗಿರಿಯ ನೆತ್ತಿಯ ಮೇಲೆ ಅಂಥದೇ ಇನ್ನೊಂದು ಗಿರಿಯನ್ನು ಕೂರಿಸಿ, ಅಷ್ಟು ಎತ್ತರಕ್ಕೂ ನೀರು ತುಂಬಿದರೆ ಎಷ್ಟೋ ಅಷ್ಟು. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಏರುತ್ತದೆ. ಹೀಗಾಗಿ ಅಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 50 ಕಿಲೋ ತೂಕದ ಏಳೂವರೆ ಕಾಫಿ ಮೂಟೆಗಳು ಕೂತಂತೆ. ನೌಕೆಯ ಮೈಯ ಒಂದೊಂದು ಉಗುರಗಲದ ಮೇಲೂ ಅಷ್ಟೇ ಭಾರವಿರುತ್ತದೆ, ಇಳಿದಾಗಲೆಲ್ಲ ಅದು ಏರಿ ಮತ್ತೆ ತಗ್ಗುತ್ತದೆ.

ಹಾಗಾಗಿ ಮೊದಲ ಪ್ರಶ್ನೆ: ಈ ಯಂತ್ರವನ್ನು ಮಾರುವವನನ್ನು ಬಿಟ್ಟು ಬೇರೆ ಯಾರು ಪರೀಕ್ಷಿಸಿ ಸಹಿ ಹಾಕಿದ್ದಾರೆ? ಹಡಗು, ಜಲಾಂತರ್ಗಾಮಿಗಳ ಲೋಕದಲ್ಲಿ ಇದಕ್ಕೆಂದೇ ವರ್ಗೀಕರಣ ಸಂಸ್ಥೆಗಳಿವೆ. ಡಿಎನ್‌ವಿ, ಅಮೆರಿಕನ್ ಬ್ಯೂರೋ ಆಫ್ ಶಿಪ್ಪಿಂಗ್, ಲಾಯ್ಡ್ಸ್ ರಿಜಿಸ್ಟರ್ ಹೆಸರಾದವು. ನಮ್ಮ ದೇಶದ್ದು ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್. ಇವರು ವಿನ್ಯಾಸದ ಲೆಕ್ಕ ತಾಳೆ ನೋಡುತ್ತಾರೆ, ಕಟ್ಟುವಾಗ ಎದುರಿಗಿರುತ್ತಾರೆ, ಆಮೇಲೂ ಕಾಲಕಾಲಕ್ಕೆ ಬಂದು ಪರೀಕ್ಷಿಸುತ್ತಾರೆ. ಟೈಟನ್‌ಗೆ ಇಂಥ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ. ಇಂಥ ಪರಿಶೀಲನೆ ಹೊಸ ಆವಿಷ್ಕಾರಕ್ಕೆ ಅಡ್ಡಿ ಎಂಬ ಅರ್ಥದಲ್ಲಿ ಕಂಪನಿ 2019ರಲ್ಲಿ ಬಹಿರಂಗವಾಗಿಯೇ ಬರೆದುಕೊಂಡಿತ್ತು. ‘ನಮ್ಮದು ನಿಯಮಗಳಿಗಿಂತ ಮುಂದಿರುವ ತಂತ್ರಜ್ಞಾನ’ ಎಂಬ ಮಾತು ಯಾರ ಬಾಯಿಂದ ಬಂದರೂ ನೀವು ಅಲ್ಲಿಗೇ ನಿಲ್ಲಬೇಕು. ಪ್ರಮಾಣಪತ್ರವನ್ನು ಕೇಳಿ ಪಡೆದು, ನೌಕೆಯ ಹೆಸರು, ಅನುಮತಿಸಿದ ಗರಿಷ್ಠ ಆಳ, ಕೊನೆಯ ತಪಾಸಣೆಯ ದಿನಾಂಕ ಈ ಮೂರನ್ನೂ ಓದಿ. ದೊಡ್ಡ ವಿಶ್ವವಿದ್ಯಾಲಯ ಅಥವಾ ಬಾಹ್ಯಾಕಾಶ ಸಂಸ್ಥೆ ‘ನಮ್ಮ ಜೊತೆಗಿದೆ’ ಎಂಬ ಮಾತು ಪ್ರಮಾಣಪತ್ರಕ್ಕೆ ಸಮವಲ್ಲ.

ಎರಡನೆಯದು, ಅದು ಯಾವುದರಿಂದ, ಯಾವ ಆಕಾರದಲ್ಲಿ ಆಗಿದೆ ಎಂಬುದು. ಎಂಜಿನಿಯರ್ ಅಲ್ಲದವರೂ ಇದನ್ನು ಕೇಳಬಹುದು, ಕೇಳಲೇಬೇಕು. ಆಳಕ್ಕಿಳಿಯುವ ನೌಕೆಗಳಲ್ಲಿ ಜನ ಕೂರುವ ಕೋಣೆ ಸಾಮಾನ್ಯವಾಗಿ ಲೋಹದ ಗೋಲವಾಗಿರುತ್ತದೆ, ಏಕೆಂದರೆ ಗೋಲ ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಿದ್ಧಪಡಿಸುತ್ತಿರುವ ‘ಮತ್ಸ್ಯ 6000’ ನೌಕೆಗೂ 2.1 ಮೀಟರ್ ವ್ಯಾಸದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಲವನ್ನೇ ಆರಿಸಿಕೊಂಡಿದ್ದಾರೆ. ಅದರಲ್ಲಿ ಹಿಡಿಸುವುದು ಮೂವರು. ಟೈಟನ್ ಉದ್ದನೆಯ ಕೊಳವೆಯಾಗಿತ್ತು, ಐವರು ಹಿಡಿಸುತ್ತಿದ್ದರು. ಸೀಟು ಹೆಚ್ಚಿದಷ್ಟೂ ಗಳಿಕೆ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕೊಳವೆ ಐದು ಇಂಚು ದಪ್ಪದ ಕಾರ್ಬನ್ ಫೈಬರಿನದು. ನಾರನ್ನು ಪದರ ಪದರವಾಗಿ ಸುತ್ತಿ, ಅಂಟಿನಿಂದ ಗಟ್ಟಿಗೊಳಿಸಿ, ಎರಡೂ ತುದಿಗೆ ಟೈಟಾನಿಯಂ ಬಳೆಗಳನ್ನು ಅಂಟಿಸಿದ್ದರು. ನಾರಿನ ಗುಣ ನಮ್ಮ ಬಾವಿಯ ಹಗ್ಗದಂಥದು: ಎಳೆದರೆ ತುಂಬಿದ ಕೊಡವನ್ನು ಹೊರುತ್ತದೆ, ತಳ್ಳಿದರೆ ಮಡಚಿಕೊಳ್ಳುತ್ತದೆ. ಸಮುದ್ರದ ಆಳದಲ್ಲಿ ಇರುವುದೆಲ್ಲ ತಳ್ಳುವ ಬಲ; ಅಲ್ಲಿ ನಾರನ್ನು ನೆಟ್ಟಗೆ ಹಿಡಿದು ನಿಲ್ಲಿಸಬೇಕಾದದ್ದು ಅಂಟು. ಪದರಗಳ ನಡುವೆ ಅಂಟು ಬಿಟ್ಟರೆ ಏನಾಗುತ್ತದೆಂದು ಸಕಲೇಶಪುರದ ಮಳೆಗೆ ನೆನೆದ ಪ್ಲೈವುಡ್ ಬಾಗಿಲನ್ನು ಬಲ್ಲವರಿಗೆ ಗೊತ್ತು. ಬಣ್ಣ ಹಾಗೇ ಇರುತ್ತದೆ, ಕಣ್ಣಿಗೆ ಏನೂ ಕಾಣದು. ಗೆಣ್ಣಿನಿಂದ ತಟ್ಟಿದರೆ ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಟೊಳ್ಳು ಸದ್ದು. ಟೈಟನ್‌ನ ಮೈಯಲ್ಲೂ ಹೀಗೆ ಪದರ ಬಿಟ್ಟಿತ್ತೆಂದು ತನಿಖೆ ಕಂಡುಕೊಂಡಿತು.

ಅದು ಸದ್ದು ಮಾಡಿಯೂ ಹೇಳಿತ್ತು. 2022ರ ಜುಲೈ 15ರಂದು, ಅದರ 80ನೇ ಇಳಿತ ಮುಗಿದು ಮೇಲೆ ಬರುವಾಗ ಒಳಗಿದ್ದವರಿಗೆ ದೊಡ್ಡ ಸದ್ದು ಕೇಳಿಸಿತು. ಮೈಗೆ ಅಂಟಿಸಿದ್ದ ಸಂವೇದಕಗಳ ಅಳತೆಗಳೂ ಆ ದಿನದಿಂದ ಬದಲಾದವು. ಆದರೂ ನೌಕೆಯನ್ನು ಬಿಚ್ಚಿ ಪರೀಕ್ಷಿಸಲಿಲ್ಲ. ಚೌಕಟ್ಟಿನಲ್ಲಿ ಸರಿದು ಕೂತ ಸದ್ದು ಎಂಬ ಸಮಾಧಾನ ಸಾಕಾಯಿತು. ಆ ಚಳಿಗಾಲವನ್ನು ಅದು ಕೆನಡಾದ ಸೇಂಟ್ ಜಾನ್ಸ್‌ನಲ್ಲಿ, ನೀರು ಹೆಪ್ಪುಗಟ್ಟುವ ಥಂಡಿಯಲ್ಲಿ, ಬಯಲಲ್ಲೇ ಕಳೆಯಿತು. ಆದ್ದರಿಂದ ನೀವು ಕೇಳಬೇಕಾದ ಮೂರನೆಯ ಪ್ರಶ್ನೆ: ಹಿಂದಿನ ಸಲ ಏನು ಕೆಟ್ಟಿತ್ತು, ಅದಕ್ಕಾಗಿ ಎಷ್ಟು ದಿನ ಕೆಲಸ ನಿಲ್ಲಿಸಿದಿರಿ? ‘ನಮ್ಮಲ್ಲಿ ಇವತ್ತಿನವರೆಗೆ ಏನೂ ಆಗಿಲ್ಲ’ ಎಂಬ ಉತ್ತರವನ್ನು ನಾನು ನಂಬುವುದಿಲ್ಲ. ಏನಾದರೂ ಒಂದು ಆಗಿರುತ್ತದೆ. ಒಳ್ಳೆಯ ನಿರ್ವಾಹಕನ ಬಳಿ ಅದನ್ನು ಬರೆದಿಟ್ಟ ಪುಸ್ತಕವಿರುತ್ತದೆ ಮತ್ತು ಅವನು ಅದನ್ನು ತೋರಿಸಲು ಹಿಂಜರಿಯುವುದಿಲ್ಲ.

ಇಷ್ಟು ಹೇಳಿದರೂ, ಹೊರಗಿನವರಾದ ನಾವು ಯಂತ್ರವನ್ನು ನೋಡಿ ತಿಳಿಯುವುದು ಸ್ವಲ್ಪವೇ. ಅದನ್ನು ನಡೆಸುವ ಜನರನ್ನು ನೋಡಿ ತಿಳಿಯಬಹುದಾದದ್ದು ಬಹಳ. ಓಷನ್‌ಗೇಟ್‌ನಲ್ಲಿ ಸಾಗರ ಕಾರ್ಯಾಚರಣೆಯ ನಿರ್ದೇಶಕನಾಗಿದ್ದವರು ಡೇವಿಡ್ ಲಾಕ್‌ರಿಡ್ಜ್. ನೌಕೆಯ ಮೈಯೊಳಗೆ ಬಿರುಕು, ಟೊಳ್ಳುಗಳಿವೆಯೇ ಎಂದು ಸ್ಕ್ಯಾನ್ ಮಾಡಿ ನೋಡಲೇಬೇಕು, ಮೈ ಬಿರಿಯುವ ಸದ್ದನ್ನು ಆಲಿಸುವ ಸಾಧನ ಕುಸಿತಕ್ಕೆ ಕ್ಷಣಾರ್ಧದ ಮುಂಚೆಯಷ್ಟೇ ಎಚ್ಚರಿಸಬಹುದು ಎಂದು ಅವರು ಲಿಖಿತವಾಗಿ ತಿಳಿಸಿದರು. ನೋಟದ ಕಿಟಕಿಗೆ ತಯಾರಕರು 1,300 ಮೀಟರ್‌ವರೆಗೆ ಮಾತ್ರ ಭರವಸೆ ಕೊಡುತ್ತಿದ್ದಾರೆ ಎಂಬುದೂ ಅವರು ಮುಂದೆ ನ್ಯಾಯಾಲಯದಲ್ಲಿ ಹೇಳಿದ ಸಂಗತಿ. 2018ರ ಜನವರಿಯಲ್ಲಿ ಅವರನ್ನು ಕೆಲಸದಿಂದ ತೆಗೆದರು, ಆಮೇಲೆ ಮೊಕದ್ದಮೆಯನ್ನೂ ಹೂಡಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಆ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಜನ ಸೇರಿ, ಈ ದಾರಿ ಅನಾಹುತಕ್ಕೆ ಒಯ್ಯಬಹುದೆಂದು ರಶ್ ಅವರಿಗೆ ಪತ್ರ ಸಿದ್ಧಪಡಿಸಿದರು. ಯಾವ ಮಾತೂ ನಾಟಲಿಲ್ಲ. ಬೇಡ ಎನ್ನಬಲ್ಲವನನ್ನು ಹೊರಗಟ್ಟಿದ ಮೇಲೆ ಉಳಿದವರಿಗೆ ಆ ಮಾತು ಆಡುವ ಧೈರ್ಯ ಎಲ್ಲಿಂದ ಬರಬೇಕು? ತನಿಖಾ ವರದಿಯೂ ಕಂಪನಿಯೊಳಗಿದ್ದ ಈ ಬೆದರಿಕೆಯ ವಾತಾವರಣವನ್ನು ಕಾರಣಗಳ ಸಾಲಿಗೆ ಸೇರಿಸಿದೆ.

ಇದನ್ನು ನಾನು ತುಂಬ ಚಿಕ್ಕ ಪ್ರಮಾಣದಲ್ಲಿ ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆಯ ಒಂದು ಜಲಾಶಯದಲ್ಲಿ ಮಕ್ಕಳೊಂದಿಗೆ ದೋಣಿ ಹತ್ತಲು ನಿಂತಿದ್ದೆವು. ನನ್ನ ಮಗಳಿಗೆ ಕೊಟ್ಟ ಲೈಫ್ ಜಾಕೆಟ್ಟಿನ ಎದೆಯ ಬಕಲ್ ಮುರಿದಿತ್ತು. ಅದನ್ನು ಗೋಣಿಚೀಲ ಹೊಲಿಯುವ ದಾರದಿಂದ ಬಿಗಿದು, ಗಂಟಿನ ಮೇಲೆ ಕಪ್ಪು ಟೇಪು ಸುತ್ತಿದ್ದರು. ದೋಣಿ ಹಿಡಿದು ನಿಂತಿದ್ದ ಹುಡುಗ ಮೆಲ್ಲಗೆ, ‘ಸಾರ್, ಅದು ಬೇಡ, ಬೇರೆ ತಂದ್ಕೊಡ್ತೀನಿ’ ಎಂದ. ಟಿಕೆಟ್ ಮೇಜಿನಲ್ಲಿದ್ದಾತ ಎಲ್ಲರೆದುರಿಗೇ ಅವನನ್ನು ಗದರಿದ: ‘ನಿನ್ನ ಕೆಲಸ ಎಷ್ಟೋ ಅಷ್ಟು ನೋಡ್ಕೋ.’ ಹುಡುಗ ತಲೆ ತಗ್ಗಿಸಿ ಹಗ್ಗ ಬಿಚ್ಚತೊಡಗಿದ. ಹೊಸ ಜಾಕೆಟ್ ತಂದುಕೊಟ್ಟಿದ್ದರೂ ಆ ದೋಣಿಯನ್ನು ನಾನು ಹತ್ತುತ್ತಿರಲಿಲ್ಲ. ಎಂಜಿನ್ನಿನಲ್ಲಿ ಏನಾದರೂ ಕೆಟ್ಟಿದ್ದರೆ ಅದನ್ನು ಆ ಹುಡುಗ ಇನ್ನು ಮೇಲೆ ಹೇಳುವುದಿಲ್ಲ ಎಂಬುದು ನನಗೆ ಖಚಿತವಾಗಿತ್ತು. ಹಣ ಬಿಟ್ಟು ವಾಪಸ್ ಬಂದೆವು.

ಆದುದರಿಂದ ಬೇಗ ಹೋಗಿ, ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಕೆಳಗಿನ ಕೆಲಸಗಾರ ಒಂದು ದೋಷ ತೋರಿಸಿದಾಗ ಯಜಮಾನನ ಮುಖ ಹೇಗಾಗುತ್ತದೆ? ಗಾಳಿ ಜೋರಾದರೆ ಇವತ್ತಿನ ಸುತ್ತು ರದ್ದು ಮಾಡುವ ಅಧಿಕಾರ ಯಾರಿಗಿದೆ, ಕಳೆದ ತಿಂಗಳು ಎಷ್ಟು ಸಲ ರದ್ದಾಗಿದೆ ಎಂದು ಕೇಳಿ. ಒಮ್ಮೆಯೂ ಇಲ್ಲ ಎಂದರೆ ಅನುಮಾನಿಸಿ. ಯಜಮಾನ ತಾನೇ ಜೊತೆಗೆ ಬರುತ್ತೇನೆ ಎನ್ನುವುದನ್ನು ಜನ ದೊಡ್ಡ ಭರವಸೆಯೆಂದು ತಿಳಿಯುತ್ತಾರೆ. ರಶ್ ಕೂಡ ತಾವೇ ನೌಕೆ ನಡೆಸುತ್ತಿದ್ದರು, ಆ ಧೈರ್ಯದಿಂದ ನೌಕೆಯ ಪದರಗಳೇನೂ ಗಟ್ಟಿಯಾಗಲಿಲ್ಲ.

ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಮನೆಯಲ್ಲೇ, ಮುಂಚಿತವಾಗಿ ತರಿಸಿಕೊಂಡು ಓದಿ. ಟೈಟನ್ ಹತ್ತುವವರ ಕಾಗದದಲ್ಲಿ ಸಾವಿನ ಪ್ರಸ್ತಾಪ ಹಲವು ಸಲ ಬರುತ್ತಿತ್ತು. ಅವರನ್ನು ಪ್ರಯಾಣಿಕರೆನ್ನದೆ ‘ಮಿಷನ್ ಸ್ಪೆಷಲಿಸ್ಟ್’ ಎಂದು ಕರೆಯುತ್ತಿದ್ದರು. ಪ್ರಯಾಣಿಕರೆಂದರೆ ಕಾನೂನಿನ ರಕ್ಷಣೆಗಳು ಅನ್ವಯಿಸುತ್ತವೆ. ನಿಮ್ಮನ್ನು ಪ್ರವಾಸಿ ಎನ್ನದೆ ಸದಸ್ಯ, ತಂಡದವ ಎಂದು ಕಾಗದದಲ್ಲಿ ಬರೆದಿದ್ದರೆ ಏಕೆಂದು ಕೇಳಿ. ತುರ್ತಿನಲ್ಲಿ ಹೊರಬರುವ ದಾರಿಯನ್ನೂ, ಸಂಪರ್ಕ ಕಡಿದರೆ ಎಷ್ಟು ನಿಮಿಷದೊಳಗೆ ಯಾರಿಗೆ ಸುದ್ದಿ ಮುಟ್ಟಿಸುತ್ತಾರೆಂಬುದನ್ನೂ ಹತ್ತುವ ಮುನ್ನವೇ ತಿಳಿಯಿರಿ. ಟೈಟನ್‌ನ ಬಾಗಿಲನ್ನು ಹೊರಗಿನಿಂದ ಬೋಲ್ಟ್ ಬಿಗಿದು ಮುಚ್ಚುತ್ತಿದ್ದರು. ಸಂಪರ್ಕ ಕಡಿದು ಗಂಟೆಗಟ್ಟಲೆ ಕಳೆದ ಮೇಲೆ ಕೋಸ್ಟ್ ಗಾರ್ಡ್‌ಗೆ ಸುದ್ದಿ ಹೋಯಿತು. ಆಳ ಕಡಿಮೆ ಎಂದು ಈ ಪ್ರಶ್ನೆಗಳನ್ನು ಬಿಡಬೇಡಿ. 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಘಾದಾ ಬಳಿ ಹವಳದ ದಿಬ್ಬ ತೋರಿಸುವ ‘ಸಿಂದ್‌ಬಾದ್’ ಎಂಬ ಪ್ರವಾಸಿ ಜಲಾಂತರ್ಗಾಮಿ ಮುಳುಗಿ, ದಡದ ಹತ್ತಿರದಲ್ಲೇ ಆರು ಜನ ಸತ್ತರು.

ಇನ್ನು ನೇತ್ರಾಣಿಗೆ ಹೊರಟವರಿಗೆ. ಕಲಿಸುವವನ ಪರವಾನಗಿ ಪಾಡಿ ಅಥವಾ ಎಸ್‌ಎಸ್‌ಐನಂಥ ಅಂತರರಾಷ್ಟ್ರೀಯ ಡೈವಿಂಗ್ ತರಬೇತಿ ಸಂಸ್ಥೆಯದೇ ಎಂದು ನೋಡಿ, ನೀರಿನಲ್ಲಿ ಒಬ್ಬ ತರಬೇತುದಾರನಿಗೆ ಎಷ್ಟು ಜನ ಎಂದು ಕೇಳಿ. ತರಬೇತಿ ಇಲ್ಲದವರ ಮೊದಲ ಅನುಭವದ ಇಳಿತಕ್ಕೆ ಪಾಡಿ ಇಟ್ಟಿರುವ ಮಿತಿ 12 ಮೀಟರ್. ‘ನಿಮಗಾಗಿ ಇನ್ನೂ ಸ್ವಲ್ಪ ಕೆಳಗೆ’ ಎಂದರೆ ಒಪ್ಪಬೇಡಿ. ನೆಗಡಿ, ಕಿವಿ ಸೋರುವುದು, ಉಬ್ಬಸ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಕೆಳಗೆ ಉಸಿರು ಹಿಡಿಯಲೇಬೇಡಿ: ಹಿಡಿದು ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅದನ್ನೇ ಹರಿಯಬಹುದು.

ನಮ್ಮ ಎರಡು ಜಿಲ್ಲೆಗಳವರಿಗೆ ಮಾತ್ರ ವಿಶೇಷವಾಗಿ ಹೇಳಬೇಕಾದ ಒಂದು ಸಂಗತಿಯಿದೆ, ಇದನ್ನು ಕರಾವಳಿಯಲ್ಲಿ ಎಲ್ಲರೂ ನೆನಪಿಸುವುದಿಲ್ಲ. ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ, ಅಂಗಾಂಶಗಳಲ್ಲಿ ನೈಟ್ರೋಜನ್ ಕರಗಿ ಉಳಿಯುತ್ತದೆ. ಅದು ನಿಧಾನವಾಗಿ ಹೊರಹೋಗುವ ಮುನ್ನ ಎತ್ತರಕ್ಕೆ ಏರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಮೈಯೊಳಗೆ ಗುಳ್ಳೆ ಕಟ್ಟಬಹುದು. ಕೀಲುನೋವು, ಜುಮ್ಮೆನ್ನುವುದು, ತಲೆಸುತ್ತು, ಕಾರಣವಿಲ್ಲದ ಸುಸ್ತು ಇದರ ಲಕ್ಷಣಗಳು. ಡೈವ್ ಮಾಡುವವರ ಸುರಕ್ಷತೆಗೆಂದೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ 2,000 ಅಡಿಗಿಂತ ಎತ್ತರಕ್ಕೆ ಏರುವ ಮುನ್ನ ಒಂದೇ ಸಾಧಾರಣ ಇಳಿತವಾಗಿದ್ದರೆ ಕನಿಷ್ಠ 12 ಗಂಟೆ, ಹಲವು ಇಳಿತಗಳಾಗಿದ್ದರೆ 18 ಗಂಟೆ ಕಾಯಬೇಕು. ಹಾಸನ, ಚಿಕ್ಕಮಗಳೂರು ಎರಡೂ 3,000 ಅಡಿ ದಾಟಿದ ಊರುಗಳು. ಮಧ್ಯಾಹ್ನ ನೀರಿನಿಂದೆದ್ದು, ಸಂಜೆಯೇ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿ ರಾತ್ರಿ ಊಟಕ್ಕೆ ಮನೆ ಸೇರುವ ಲೆಕ್ಕ ಬೇಡ. ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಮರುದಿನ ಬೆಳಗಿನ ತಿಂಡಿ ಮುಗಿಸಿ ಘಾಟಿ ಹತ್ತಿ. ದಾರಿಯಲ್ಲಿ ಮೇಲಿನ ಲಕ್ಷಣಗಳಲ್ಲಿ ಒಂದು ಕಂಡರೂ ಇನ್ನೂ ಮೇಲೆ ಏರದೆ ಗಾಡಿ ತಿರುಗಿಸಿ ಇಳಿಯಿರಿ, 112ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ‘ಇವರು ಸಮುದ್ರದಲ್ಲಿ ಡೈವ್ ಮಾಡಿದ್ದಾರೆ’ ಎಂದು ತಿಳಿಸಿ ಆಮ್ಲಜನಕ ಕೇಳಿ.