ಜಿಪ್ಸಿ ಕಿಂಗ್‌ಗೆ ದೊಡ್ಡ ಟೈರ್: 235/75 ಆರ್ 15 ಕೂರಿಸುವ ಕ್ರಮ

ಜಿಪ್ಸಿಗೆ 31 ಇಂಚಿನ ಟೈರ್ ಹಿಡಿಯುತ್ತದಾ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕಟ್ಟರ್ ಹಿಡಿದು ನಿಂತರೆ ಹಿಡಿಸಬಹುದು. ಆದರೆ ಕಿಂಗ್‌ನ 1.3 ಲೀಟರ್ ಎಂಪಿಎಫ್‌ಐ ಎಂಜಿನ್ ಕೊಡುವುದು 80 ಅಶ್ವಶಕ್ತಿ, 103 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ ಪೂರ್ತಿ ಸಿಗುವುದೂ 4500 ಆರ್‌ಪಿಎಂನಲ್ಲಿ. ಟೈರ್ ಎತ್ತರವಾದಷ್ಟೂ ಗಾಡಿಗೆ ಎಳೆಯುವ ಬಲ ಕಡಿಮೆಯಾಗುತ್ತದೆ, ಬ್ರೇಕ್ ಹಿಡಿತ ಸಡಿಲವಾಗುತ್ತದೆ, ಸ್ಟಿಯರಿಂಗ್ ಕೀಲುಗಳ ಮೇಲೆ ಭಾರ ಬೀಳುತ್ತದೆ. ಈ ಮೂರನ್ನೂ ಕೈಗೆಟುಕುವ ಖರ್ಚಿನಲ್ಲಿ ಸರಿದೂಗಿಸಲು ಆಗುವ ಕೊನೆಯ ಅಳತೆ 235/75 ಆರ್ 15. ಅದರಾಚೆ ಹೋದರೆ ಬದಲಾಗುವುದು ಟೈರ್ ಒಂದೇ ಅಲ್ಲ, ಇಡೀ ಗಾಡಿ.

ಲೆಕ್ಕ ಮೊದಲು. ಕಂಪನಿಯ 205/70 ಆರ್ 15 ಟೈರಿನಲ್ಲಿ ಅಗಲ 205 ಮಿಮೀ, ಪಕ್ಕದ ಎತ್ತರ ಅದರ ಶೇ. 70, ಅಂದರೆ 143.5. ಅದನ್ನು ಎರಡರಿಂದ ಗುಣಿಸಿ, 15 ಇಂಚಿನ ರಿಮ್‌ನ 381 ಮಿಮೀ ಸೇರಿಸಿದರೆ ಒಟ್ಟು ಎತ್ತರ 668 ಮಿಮೀ. ಇದೇ ಲೆಕ್ಕದಲ್ಲಿ 215/75 ಟೈರ್ ಸುಮಾರು 703, 235/75 ಟೈರ್ ಸುಮಾರು 733 ಮಿಮೀ ಬರುತ್ತದೆ. 30x9.5 ಮತ್ತು 31x10.5 ಟೈರುಗಳು (ಇಂಚಿನಲ್ಲಿ ಎತ್ತರ, ಅಗಲ) ಹೆಸರಿಗೆ 762 ಮತ್ತು 787, ಗಾಳಿ ತುಂಬಿ ಗಾಡಿಯ ಭಾರ ಬಿದ್ದ ಮೇಲೆ ಒಂದು ಸೆಂಟಿಮೀಟರಿನಷ್ಟು ಕಡಿಮೆಯೇ ಅಳತೆಗೆ ಸಿಗುತ್ತದೆ. ನೆಲದಿಂದ ಆಕ್ಸಲ್ ಏಳುವುದು ಈ ವ್ಯತ್ಯಾಸದ ಅರ್ಧ ಮಾತ್ರ: 215ಕ್ಕೆ ಸುಮಾರು 18 ಮಿಮೀ, 235ಕ್ಕೆ ಸುಮಾರು 33 ಮಿಮೀ. ಗಾಡಿಯ ಮೈ ಎತ್ತರಿಸುವ ಲಿಫ್ಟ್ ಕಿಟ್ ಎಷ್ಟೇ ಹಾಕಿದರೂ ಆಕ್ಸಲ್ ನಡುವೆ ಜೋತಿರುವ ಡಿಫರೆನ್ಷಿಯಲ್ ಗುಂಡು ಒಂದು ಮಿಲಿಮೀಟರೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ. ಹಾಗಾಗಿ ಈ 33 ಮಿಲಿಮೀಟರಿಗೆ ಬೆಲೆಯಿದೆ.

ಮಲೆನಾಡಿನ ಕೆಸರಿನ ವಿಷಯ ಬೇರೆಯಾಗಿಯೇ ಹೇಳಬೇಕು. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಮೇಲೆ ಜಿಗುಟು ಮಣ್ಣು ಇದ್ದರೂ ಎಷ್ಟೋ ಕಡೆ ಅದರಡಿ ಗಟ್ಟಿ ನೆಲ ಇರುತ್ತದೆ. ಅಲ್ಲಿ ಅಗಲದ ಟೈರ್ ಕೆಸರಿನ ಮೇಲೆ ತೇಲಿ ಜಾರುತ್ತದೆ, ಕಿರಿದಾದ ಎತ್ತರದ ಟೈರ್ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ. ಒಂದು ಟನ್ ಆಸುಪಾಸಿನ ಗಾಡಿಗೆ 10.5 ಇಂಚು ಅಗಲ ಬೇಕಾಗಿಯೇ ಇಲ್ಲ. ಗಾಡಿ ತೋಟದೊಳಗೇ ಓಡುವುದಾದರೆ 215/75 ಮಡ್ ಟೈರ್ ಸಾಕು. ಬೊಲೆರೊಗೂ ಇದೇ ಅಳತೆ ಬರುವುದರಿಂದ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಲಿಫ್ಟ್ ಬೇಕಿಲ್ಲ, ಕಂಪನಿ ರಿಮ್ಮಿಗೇ ಕೂರುತ್ತದೆ. ಕಲ್ಲು, ಹಳ್ಳ, ಆಳದ ಚಕ್ರಗುಂಡಿಗಳ ದಾರಿಯಿದ್ದರೆ 235ಕ್ಕೆ ಹೋಗಿ.

ರಿಮ್

235 ಟೈರಿಗೆ ಕನಿಷ್ಠ 6 ಇಂಚು ಅಗಲದ ರಿಮ್ ಬೇಕು. ಕಂಪನಿಯ 5.5 ಇಂಚಿನ ರಿಮ್ಮಿಗೆ ಹಾಕಿದರೆ ಟೈರಿನ ನಡು ಉಬ್ಬಿ, ಅಂಚು ನೆಲ ಮುಟ್ಟದೆ, ಗಾಳಿ ಇಳಿಸಿದಾಗ ಬೀಡ್, ಅಂದರೆ ರಿಮ್ಮಿಗೆ ಕೂರುವ ಟೈರಿನ ಒಳಂಚು, ಕಳಚುವ ಅಪಾಯ ಹೆಚ್ಚು. 15x7 ಸ್ಟೀಲ್ ರಿಮ್ ಒಳ್ಳೆಯ ಆಯ್ಕೆ: ಬಡಿದು ಬಾಗಿದರೂ ಸುತ್ತಿಗೆಯಲ್ಲಿ ನೇರ ಮಾಡಿಕೊಂಡು ಮನೆ ಸೇರಬಹುದು. ಬೋಲ್ಟ್ ವೃತ್ತ 5x139.7 (ಐದು ಬೋಲ್ಟ್, 139.7 ಮಿಮೀ ವ್ಯಾಸದ ವೃತ್ತದಲ್ಲಿ), ನಡುವಿನ ತೂತು 108 ಮಿಮೀ. ಬೊಲೆರೊ ಮತ್ತು ಹಳೆಯ ಮಹೀಂದ್ರಾ ಜೀಪುಗಳ ಬೋಲ್ಟ್ ವೃತ್ತವೂ ಇದೇ ಆದ್ದರಿಂದ ಗುಜರಿಯಲ್ಲಿ ರಿಮ್ ಸುಲಭವಾಗಿ ಸಿಗುತ್ತದೆ. ಬೋಲ್ಟ್ ಕೂತಿತು ಎಂದ ಮಾತ್ರಕ್ಕೆ ಕೊಂಡು ತರಬೇಡಿ. ನಡುವಿನ ತೂತಿನಲ್ಲಿ ಮುಂದಿನ ಹಬ್ ತೂರುತ್ತದೆಯೇ, ನಟ್ಟಿನ ಓರೆ ರಿಮ್ಮಿನ ಓರೆಗೆ ಹೊಂದುತ್ತದೆಯೇ, ಬ್ಯಾಕ್‌ಸ್ಪೇಸ್ ಎಷ್ಟು ಎಂಬ ಮೂರನ್ನೂ ನೋಡಿ.

ಬ್ಯಾಕ್‌ಸ್ಪೇಸ್ ಅಳೆಯುವುದು ಸುಲಭ. ರಿಮ್ಮನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ನೇರವಾದ ಅಳತೆಕೋಲು ಅಡ್ಡ ಇಟ್ಟು, ಅಲ್ಲಿಂದ ಹಬ್ಬಿಗೆ ತಾಗುವ ಮೈವರೆಗೆ ಟೇಪು ಇಳಿಬಿಡಿ. 15x7 ರಿಮ್ಮಿಗೆ ಇದು 3.5ರಿಂದ 3.75 ಇಂಚು ಬಂದರೆ ಸರಿ. ನಾಲ್ಕು ಇಂಚು ದಾಟಿದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಒಳಮೈ ಕಮಾನುಪಟ್ಟಿಗೆ (ಲೀಫ್ ಸ್ಪ್ರಿಂಗ್) ಉಜ್ಜುತ್ತದೆ. ಮೂರಕ್ಕಿಂತ ಕಡಿಮೆಯಾದರೆ ಚಕ್ರ ಹೊರಗೆ ಚಾಚಿ ವೀಲ್ ಬೇರಿಂಗ್ ಮತ್ತು ಮುಂಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ಬೇಗ ಸವೆಯುತ್ತವೆ, ತಿರುಗುವಾಗ ಟೈರ್ ಮಡ್‌ಗಾರ್ಡಿನ ಮೂಲೆಗೂ ಬಡಿಯುತ್ತದೆ. ತಪ್ಪು ರಿಮ್ಮನ್ನು ಸ್ಪೇಸರ್ ಹಾಕಿ ಸರಿಮಾಡುವ ಯೋಚನೆ ಬಿಡಿ. ಸರಿಯಾದ ರಿಮ್ ಹುಡುಕುವುದೇ ಅಗ್ಗ.

ಐದೂ ಟೈರ್ ಕೊಳ್ಳುವ ಮೊದಲು ಒಂದೇ ಒಂದು ಟೈರ್ ಕೂರಿಸಿದ ಚಕ್ರ ತಂದು ಮುಂದೆ ಎಡಕ್ಕೆ ಹಾಕಿ ನೋಡಿ. ಒಳ್ಳೆಯ ಟೈರ್ ಅಂಗಡಿಯವರು ಇದಕ್ಕೆ ಒಪ್ಪುತ್ತಾರೆ. ಆಮೇಲೆ ಬಲಕ್ಕೂ ಅದೇ ಪರೀಕ್ಷೆ ಮಾಡಿ, ಏಕೆಂದರೆ ಹಳೆಯ ಗಾಡಿಗಳಲ್ಲಿ ಎರಡು ಬದಿಯ ಕಮಾನುಪಟ್ಟಿಗಳು ಒಂದೇ ಸಮ ಕುಸಿದಿರುವುದಿಲ್ಲ.

ಎಲ್ಲಿ ತಾಗುತ್ತದೆ, ಹೇಗೆ ಬಿಡಿಸಬೇಕು

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದರೆ ಸಿಗುವುದು ಅರ್ಧ ಉತ್ತರ. ಉಳಿದರ್ಧಕ್ಕೆ ಎಡ ಮುಂಚಕ್ರ, ಬಲ ಹಿಂಚಕ್ರವನ್ನು 30ರಿಂದ 40 ಸೆಂಟಿಮೀಟರ್ ಎತ್ತರದ ಗಟ್ಟಿ ಕಟ್ಟೆಗೆ ಹತ್ತಿಸಿ, ಟೈರಿನ ಭುಜಕ್ಕೆ ಒದ್ದೆ ಕೆಮ್ಮಣ್ಣು ಬಳಿದು, ಮತ್ತೆ ತುದಿಯಿಂದ ತುದಿಗೆ ತಿರುಗಿಸಿ. ಇಳಿದು ಬಂದು ಟಾರ್ಚ್ ಹಿಡಿದು ನೋಡಿದರೆ ತಗಡಿನ ಮೇಲೆ ಕೆಂಪು ಗೆರೆ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲೆಲ್ಲ ಕೆಲಸವಿದೆ. ನಂತರ ಕರ್ಣದ ಇನ್ನೊಂದು ಜೋಡಿಗೂ ಹಾಗೇ ಮಾಡಿ.

ಗೆರೆ ಮೊದಲು ಬೀಳುವುದು ಮುಂದಿನ ಚಕ್ರದ ಹಿಂದೆ, ಬಾಗಿಲಿನ ಮುಂಗೆಳಗಿನ ಮೂಲೆಯಲ್ಲಿ. ಅಲ್ಲಿ ಎರಡು ತಗಡು ಸೇರಿ ಸ್ಪಾಟ್ ವೆಲ್ಡ್ ಆಗಿ ಚಾಚಿಕೊಂಡ ಅಂಚಿದೆ. ಅದನ್ನು ಒಳಕ್ಕೆ ಬಡಿದು ಮಡಚಿದರೆ ಒಂದೂವರೆ ಸೆಂಟಿಮೀಟರಿನಷ್ಟು ಜಾಗ ಸಿಗುತ್ತದೆ. ಕತ್ತರಿಸಲೇಬೇಕಾದರೆ ಸ್ಪಾಟ್ ವೆಲ್ಡ್ ಸಾಲನ್ನು ಪೂರ್ತಿ ತೆಗೆಯಬೇಡಿ, ತೆಗೆದರೆ ಅಂಚನ್ನು ಮತ್ತೆ ವೆಲ್ಡ್ ಮಾಡಿಸಿ. ಕತ್ತರಿಸಿದ ಬಾಯಿಗೆ ಅದೇ ದಿನ ಝಿಂಕ್ ಪ್ರೈಮರ್, ಸೀಮ್ ಸೀಲರ್, ಬಣ್ಣ ಹಚ್ಚಿ. ಬರಿಗಬ್ಬಿಣ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಆ ಮೂಲೆ ತುಕ್ಕು ಹಿಡಿಯುತ್ತದೆ. ಎರಡನೇ ಜಾಗ ಮುಂದಿನ ಬಂಪರಿನ ತುದಿ. ಅದನ್ನು ಕತ್ತರಿಸಿ ಕ್ಯಾಪ್ ಹಾಕಿದರಾಯಿತು.

ಟೈರ್ ಒಳಬದಿಯಲ್ಲಿ ಕಮಾನುಪಟ್ಟಿಗೆ ಕೂದಲೆಳೆಯಷ್ಟೇ ತಾಗುತ್ತಿದ್ದರೆ ನಕಲ್ (ಆಕ್ಸಲ್ ತುದಿಯ ತಿರುಗುವ ಕೀಲು) ಬಳಿಯ ಸ್ಟಿಯರಿಂಗ್ ಸ್ಟಾಪ್ ಬೋಲ್ಟನ್ನು ಎರಡು ಮೂರು ಸುತ್ತು ಹೊರಗೆ ತಂದು ಲಾಕ್ ನಟ್ ಬಿಗಿ ಮಾಡಿ. ತಿರುಗುವ ಸುತ್ತಳತೆ ಸ್ವಲ್ಪ ದೊಡ್ಡದಾಗುತ್ತದೆ, ತೋಟದ ಹಿಂತಿರುವುಗಳಲ್ಲಿ ಅದು ಗೊತ್ತಾಗುತ್ತದೆ. ಹಾಗಾಗಿ ಅಗತ್ಯಕ್ಕಿಂತ ಹೆಚ್ಚು ತಿರುಗಿಸಬೇಡಿ.

ಎತ್ತರ

235ಕ್ಕೆ ಒಂದರಿಂದ ಒಂದೂವರೆ ಇಂಚು ಎತ್ತರ ಸಾಕು. ಪಟ್ಟಿಗಳು ಕುಸಿದಿದ್ದರೆ ಮೊದಲು ಅವನ್ನು ಬಿಚ್ಚಿ ಬಾಗು ಕೊಡಿಸಿ ಅಥವಾ ಬದಲಿಸಿ. ಅಷ್ಟರಲ್ಲೇ ಹಲವು ಗಾಡಿಗಳು ಬೇಕಾದಷ್ಟು ಏಳುತ್ತವೆ. ಕಮಾನುಪಟ್ಟಿಯ ತುದಿಯನ್ನು ಛಾಸಿಗೆ ತೂಗುಹಾಕುವ ಕೊಂಡಿಯಾದ ಶಾಕಲ್ ಉದ್ದದ್ದು ಹಾಕುವುದು ಅಗ್ಗದ ದಾರಿ: ಎರಡು ಇಂಚು ಉದ್ದ ಹೆಚ್ಚಿಸಿದರೆ ಗಾಡಿ ಏಳುವುದು ಒಂದು ಇಂಚು. ಇದರಲ್ಲೊಂದು ತೊಡಕಿದೆ. ಜಿಪ್ಸಿಯ ಮುಂದಿನ ಪಟ್ಟಿಗೆ ಶಾಕಲ್ ಇರುವುದು ಮುಂತುದಿಯಲ್ಲಿ. ಶಾಕಲ್ ಉದ್ದವಾದಾಗ ಪಟ್ಟಿಯ ಮುಂಭಾಗ ಇಳಿದು, ಆಕ್ಸಲ್ ಮುಂದಕ್ಕೆ ಹೊರಳಿ, ಮೂರೂವರೆ ಡಿಗ್ರಿ ಇರಬೇಕಾದ ಕಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಆಗ ಗಾಡಿ ಹೆದ್ದಾರಿಯಲ್ಲಿ ನೇರ ನಿಲ್ಲದೆ ಅಲೆಯುತ್ತದೆ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಪಟ್ಟಿಗೂ ಆಕ್ಸಲ್ ಪೀಠಕ್ಕೂ ನಡುವೆ ಎರಡು ಡಿಗ್ರಿಯ ಉಕ್ಕಿನ ಬೆಣೆಯನ್ನು, ದಪ್ಪ ತುದಿ ಗಾಡಿಯ ಮುಂದಕ್ಕೆ ಬರುವಂತೆ ಇಟ್ಟರೆ ಇದು ಸರಿಯಾಗುತ್ತದೆ. ಅಲ್ಯೂಮಿನಿಯಂ ಬೆಣೆ ಒಡೆಯುತ್ತದೆ, ಬೇಡ. ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಬೇಡಿ, ಒಮ್ಮೆ ಎಳೆದು ಬಿಗಿದ ಯು-ಬೋಲ್ಟಿನ ಹಿಡಿತ ಎರಡನೇ ಸಲ ನಂಬುವಂತಿಲ್ಲ.

ಗಾಡಿ ಎದ್ದ ಮೇಲೆ ಛಾಸಿಗೆ ಜಾಕಿ ಕೊಟ್ಟು ಚಕ್ರಗಳನ್ನು ಪೂರ್ತಿ ಜೋತುಬಿಟ್ಟು ಬ್ರೇಕ್ ಹೋಸ್ ನೋಡಿ. ಅದು ತಂತಿಯಂತೆ ಬಿಗಿದಿದ್ದರೆ ಉದ್ದದ್ದು ಹಾಕಲೇಬೇಕು. ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರನ್ನೂ ಗಾಡಿ ಎದ್ದಷ್ಟೇ ಇಳಿಸಬೇಕು, ಇಲ್ಲದಿದ್ದರೆ ನಿಂತಾಗ ತಾಗದ ಟೈರ್ ಗುಂಡಿಯಲ್ಲಿ ಕುಕ್ಕಿದಾಗ ಮಡ್‌ಗಾರ್ಡಿಗೆ ನುಗ್ಗುತ್ತದೆ. ಪಟ್ಟಿಯನ್ನು ಆಕ್ಸಲ್ ಮೇಲಕ್ಕೆ ಏರಿಸುವ ಮಾರ್ಪಾಡು ಗಾಡಿಯನ್ನು ಸುಮಾರು ಐದು ಇಂಚು ಎತ್ತುತ್ತದೆ. ಅದಕ್ಕೆ ಸ್ಟಿಯರಿಂಗಿನ ಡ್ರ್ಯಾಗ್ ಲಿಂಕ್, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. 235ಕ್ಕಾಗಿ ಅದನ್ನು ಮಾಡಿಸುವುದು ದಂಡ.

ಕಳೆದುಹೋದ ಗೇರನ್ನು ವಾಪಸ್ ತರುವುದು

ಇಡೀ ಕೆಲಸದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಭಾಗ ಇದು, ಗಾಡಿ ಓಡಿಸುವಾಗ ದಿನವೂ ಕಾಡುವುದೂ ಇದೇ. 733.5ನ್ನು 668ರಿಂದ ಭಾಗಿಸಿದರೆ 1.098. ಅಂದರೆ ಎಲ್ಲ ಗೇರೂ ಸುಮಾರು ಶೇ. 10 ಉದ್ದವಾದವು. ಐದನೇ ಗೇರ್ ಇಳಿಜಾರಿಗಷ್ಟೇ ಆಗುತ್ತದೆ. ಏರಿನಲ್ಲಿ ರಿವರ್ಸ್ ತೆಗೆಯುವಾಗ ಅರ್ಧ ಕ್ಲಚ್ಚಿನಲ್ಲಿ ಹಿಡಿಯಬೇಕಾಗಿ ಬಂದು ಕ್ಲಚ್ ಪ್ಲೇಟ್ ವಾಸನೆ ಬರುತ್ತದೆ.

ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಕಿಂಗ್‌ನಲ್ಲಿ ಅದರ ಗೇರ್ ಅನುಪಾತ ಹೈನಲ್ಲಿ 1.409, ಲೋನಲ್ಲಿ 2.268. ಹಳೆಯ 1000 ಸಿಸಿ ಜಿಪ್ಸಿ, ಅಂದರೆ 410ರ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಅದು 1.580 ಮತ್ತು 2.511. ಈಗ 1.580ನ್ನು 1.098ರಿಂದ ಭಾಗಿಸಿ: 1.439. 2.511ನ್ನು ಭಾಗಿಸಿ: 2.287. ಎರಡೂ ಕಂಪನಿ ಕೊಟ್ಟ ಅಂಕಿಗಳ ಪಕ್ಕಕ್ಕೇ ಬಂದು ನಿಲ್ಲುತ್ತವೆ, ಒಂದು ಕೂದಲು ಮೇಲೆಯೇ. 235 ಟೈರಿಗೂ 410ರ ಪೆಟ್ಟಿಗೆಗೂ ಇಷ್ಟು ಚೆನ್ನಾಗಿ ಜೋಡಿಯಾಗುವುದೇ ಈ ಅಳತೆಯನ್ನು ಆರಿಸಲು ದೊಡ್ಡ ಕಾರಣ. 30 ಇಂಚಿನ ಟೈರಿಗೂ ಈ ಪೆಟ್ಟಿಗೆ ಹೆಚ್ಚುಕಮ್ಮಿ ಸಾಲುತ್ತದೆ. 31ಕ್ಕೆ ಸಾಲದು. ಅಲ್ಲಿಗೆ 4.16 ಅನುಪಾತದಂಥ ಲೋ ಗೇರ್ ಸೆಟ್ ಬೇಕಾಗುತ್ತದೆ, ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್ ಮುರಿಯುವುದೂ ಅಲ್ಲಿಂದಲೇ ಶುರು.

ಗುಜರಿಯ ಪೆಟ್ಟಿಗೆ ಕೊಳ್ಳುವ ಮೊದಲು ಔಟ್‌ಪುಟ್ ಫ್ಲಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟಾಗುವ ತಟ್ಟೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ. ಫ್ಲಾಂಜಿನ ಬೋಲ್ಟ್ ಅಳತೆ ನಿಮ್ಮ ಪ್ರೊಪೆಲ್ಲರ್ ಶಾಫ್ಟಿಗೆ ಹೊಂದುತ್ತದೆಯೇ ಎಂದು ಅಲ್ಲೇ ಇಟ್ಟು ನೋಡಿ, ಹೊಂದದಿದ್ದರೆ ಕಿಂಗ್‌ನ ಫ್ಲಾಂಜುಗಳನ್ನು ಬದಲಿಸಿಕೊಳ್ಳಬೇಕು. ಪೆಟ್ಟಿಗೆಯನ್ನು ಛಾಸಿಗೆ ಹಿಡಿದಿರುವ ಮೂರು ರಬ್ಬರ್ ಮೌಂಟುಗಳನ್ನು ಇದೇ ವೇಳೆ ಹೊಸದು ಮಾಡಿ. ಬಿರುಕುಬಿಟ್ಟ ಮೌಂಟಿನಲ್ಲಿ ಪೆಟ್ಟಿಗೆ ಹೊರಳಿ ಗೇರ್ ತಾನಾಗಿ ಹಾರುತ್ತದೆ. ಎಣ್ಣೆ 80ಡಬ್ಲ್ಯು-90, ಸುಮಾರು 0.8 ಲೀಟರ್.

ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದಲೇ ಹೊರಡುವುದರಿಂದ ಮುಳ್ಳು 60 ತೋರಿಸುವಾಗ ಗಾಡಿ 66ರಲ್ಲಿ, 80 ತೋರಿಸುವಾಗ 88ರಲ್ಲಿ ಓಡುತ್ತಿರುತ್ತದೆ. ಜಿಪಿಎಸ್ ಇಟ್ಟು ಒಮ್ಮೆ ತಾಳೆ ನೋಡಿಕೊಳ್ಳಿ.

ಸ್ಟಿಯರಿಂಗ್, ಬ್ರೇಕ್, ಗಾಳಿ

ಭಾರದ ಟೈರ್ ಹಾಕಿದ ಮೇಲೆ 50-60 ಕಿಮೀ ವೇಗದಲ್ಲಿ ಸಣ್ಣ ಗುಂಡಿ ಹಾರಿದಾಗ ಸ್ಟಿಯರಿಂಗ್ ಕೈಬಿಟ್ಟು ಹೋಗುವಂತೆ ನಡುಗಿದರೆ ಟೈರಿನ ಮೇಲೆ ಅನುಮಾನ ಪಡುವ ಮೊದಲು ಕಿಂಗ್‌ಪಿನ್ ಬೇರಿಂಗ್ ನೋಡಿ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ನಕಲ್ ಹತ್ತಿರ ಟಕ್ ಎಂದರೆ ಸಡಿಲವಿದೆ. ಕಿಂಗ್‌ಪಿನ್ ಕೆಳಗಿನ ಶಿಮ್ (ತೆಳು ತಗಡಿನ ಬಿಲ್ಲೆ) ಕಡಿಮೆ ಮಾಡಿ ಬಿಗಿ ತರಬೇಕು. ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ನಡುಕ ಮುಚ್ಚಿಹೋಗುತ್ತದೆ, ಸವೆತ ಒಳಗೇ ಬೆಳೆಯುತ್ತದೆ. ಟೋ-ಇನ್, ಅಂದರೆ ಮುಂಚಕ್ರಗಳ ಮುಂದಂಚು ಒಳಕ್ಕೆ ವಾಲಿರುವ ಅಳತೆ, 2ರಿಂದ 6 ಮಿಮೀ ಒಳಗಿರಲಿ.

ಅದೇ ಪೆಡಲ್ ಒತ್ತಡಕ್ಕೆ ನೆಲದಲ್ಲಿ ಬ್ರೇಕ್ ಹಿಡಿತ ಶೇ. 10ರ ಹತ್ತಿರ ಕಡಿಮೆ. ಮುಂದೆ ಹೊಸ ಪ್ಯಾಡ್, ಹಿಂದಿನ ಡ್ರಮ್ ಅಡ್ಜಸ್ಟ್‌ಮೆಂಟ್, ಹೊಸ ಬ್ರೇಕ್ ಆಯಿಲ್ ಮೂರೂ ಟೈರಿನ ಜೊತೆಗೇ ಆಗಬೇಕು. ಘಾಟಿ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ.

ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಗಾಳಿ, ಜಿಪ್ಸಿಯಂಥ ಹಗುರ ಗಾಡಿಗೆ ಅಷ್ಟು ತುಂಬಿದರೆ ಚೆಂಡಿನಂತೆ ಪುಟಿಯುತ್ತದೆ. ಮುಂದೆ 24, ಹಿಂದೆ 22 ಪಿಎಸ್‌ಐಯಿಂದ ಶುರುಮಾಡಿ. ಟೈರಿನ ಹಲ್ಲುಗಳ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು ಡಾಂಬರಿನಲ್ಲಿ 50 ಮೀಟರ್ ನೇರ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ, ಒಂದೇ ಸಮ ಮಾಸಿದ್ದರೆ ಅದೇ ನಿಮ್ಮ ಗಾಡಿಯ ಸಂಖ್ಯೆ. ಕೆಸರು, ಕಲ್ಲಿಗೆ 15-16ಕ್ಕೆ ಇಳಿಸಿ. 12ರ ಕೆಳಗೆ ಹೋದರೆ ಬೀಡ್ ಕಳಚುತ್ತದೆ. ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಲು ಪಂಪ್ ಗಾಡಿಯಲ್ಲೇ ಇರಲಿ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ನಿರ್ದಿಷ್ಟತೆಯಿಂದ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಎತ್ತುವ ಮೊದಲ ತಕರಾರೂ ಇದೇ ಆಗಬಹುದು. ತಗಡು ಕತ್ತರಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಸಾರ್ವಜನಿಕ ರಸ್ತೆಗೆ ತಕ್ಕಂತೆ ಗಾಡಿಯನ್ನು ಹಿಂದಿನ ಸ್ಥಿತಿಗೆ ತರಬೇಕಾಗಿ ಬಂದರೆ ಎಂದು ಕಂಪನಿಯ ರಿಮ್, ಟೈರ್ ಮಾರದೆ ಇಟ್ಟುಕೊಳ್ಳಿ.

50 ಕಿಮೀ ಓಡಿದ ಮೇಲೆ ಚಕ್ರದ ನಟ್ಟುಗಳನ್ನು, 100 ಕಿಮೀಗೆ ಯು-ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. ಸ್ಟೆಪ್ನಿಯೂ 235 ಆಗಿರಬೇಕು. ಜಿಪ್ಸಿಯ ಫೋರ್ ವೀಲ್ ಡ್ರೈವಿನಲ್ಲಿ ಮುಂದೆ ಹಿಂದೆಯ ನಡುವೆ ಡಿಫರೆನ್ಷಿಯಲ್ ಇಲ್ಲ, ಒಂದು ಚಕ್ರ ಸಣ್ಣದಾದರೂ ಫೋರ್ ಹೈನಲ್ಲಿ ಗೇರುಗಳು ಒಂದನ್ನೊಂದು ತಿರುಚಿಕೊಂಡು ಕೂರುತ್ತವೆ. ಆ ಸ್ಟೆಪ್ನಿಯ ಹೆಚ್ಚಿದ ಭಾರಕ್ಕೆ ಹಿಂಬಾಗಿಲಿನ ತಗಡು ಕೀಲಿನ ಸುತ್ತ ಬಿರುಕು ಬಿಡುತ್ತದೆ. ಕೀಲಿನ ಹಿಂದೆ 3 ಮಿಮೀ ಪ್ಲೇಟ್ ಕೊಡಿಸಿ, ಅಥವಾ ಸ್ಟೆಪ್ನಿಯನ್ನು ಹಿಂದಿನ ಬಂಪರಿಗೆ ತಿರುಗುವ ಕೈ ಮಾಡಿಸಿ ಅದರ ಮೇಲೆ ಕೂರಿಸಿ.