ದೆಹಲಿಯಲ್ಲಿ ನೂರು, ನಗರ್ತಪೇಟೆಯಲ್ಲಿ ಒಂದು ಗುಲಗಂಜಿ ಕಡಿಮೆ

ತಕ್ಕಡಿ ರಿಪೇರಿ ನನ್ನ ಕಸುಬು. ಬೆಂಗಳೂರಿನ ನಗರ್ತಪೇಟೆಯ ಚಿನಿವಾರರೊಬ್ಬರು ದೆಹಲಿಯಿಂದ ತರಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ನನ್ನ ಮೇಜಿನ ಮೇಲಿಟ್ಟು, "ಕಳ್ಳ ಯಂತ್ರ" ಎಂದರು. ಜೊತೆಗೆ ಬಂದಿದ್ದ 100 ಗ್ರಾಂ ಬಟ್ಟು ಇಟ್ಟೆ. 99.89 ತೋರಿಸಿತು. ಹೆಚ್ಚುಕಡಿಮೆ ಒಂದು ಗುಲಗಂಜಿಯಷ್ಟು ಕೊರತೆ. ಅಕ್ಕಿಯಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಚಿನ್ನದಲ್ಲಿ ಜಗಳವೇ ಆಗುತ್ತದೆ.

ಇಡೀ ದಿನ ಹಾಳಾಯಿತು. ಮಟ್ಟದ ಗುಳ್ಳೆ ನೋಡಿದೆ, ಭಾರ ಅಳೆಯುವ ಒಳಭಾಗವಾದ ಲೋಡ್ ಸೆಲ್ ಬಿಚ್ಚಿ ಧೂಳು ತೆಗೆದೆ, ಫ್ಯಾನ್ ಆರಿಸಿ ಬೆವರಿದೆ. ಮತ್ತೆ 99.89. ಸಂಜೆ, ಅಟ್ಟದಲ್ಲಿದ್ದ ಎರಡು ತಟ್ಟೆಯ ಹಳೆಯ ತಕ್ಕಡಿ ಇಳಿಸಿ, ಆ ಬಟ್ಟನ್ನು ನನ್ನ ಮುದ್ರೆಯ ಬಟ್ಟಿನೆದುರು ತೂಗಿದೆ. ಮುಳ್ಳು ಅಲುಗದೆ ನಡುವೆ ನಿಂತಿತು. ಯಂತ್ರವನ್ನು ಹೊಂದಿಸಿದ್ದು ದೆಹಲಿಯಲ್ಲಿ ಎಂಬುದು ಆಗ ಹೊಳೆಯಿತು.

ಲೋಡ್ ಸೆಲ್‌ಗೆ ಗ್ರಾಂ ತಿಳಿಯದು. ಒಳಗಿನ ಲೋಹ ಎಷ್ಟು ಬಾಗಿತು ಎಂಬುದಷ್ಟೇ ಅದರ ಲೆಕ್ಕ. ಬಾಗಿಸುವುದು ಭೂಮಿಯ ಸೆಳೆತ. ಆ ಸೆಳೆತದ ಅಳತೆಯಾದ ಗುರುತ್ವ ವೇಗೋತ್ಕರ್ಷ ದೆಹಲಿಯಲ್ಲಿ ಸುಮಾರು 9.791 ಮೀ/ಸೆ² ಇದ್ದರೆ ಇಲ್ಲಿ 9.780. ನಾವು ಸಮಭಾಜಕಕ್ಕೆ ಹತ್ತಿರ, ಸಾಲದ್ದಕ್ಕೆ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ; ಎರಡೂ ಸೆಳೆತವನ್ನು ತಗ್ಗಿಸುತ್ತವೆ. ಬಟ್ಟಿನ ದ್ರವ್ಯರಾಶಿ, ಅಂದರೆ ಅದರಲ್ಲಿರುವ ಲೋಹದ ಪ್ರಮಾಣ, ಎರಡೂ ಊರಲ್ಲಿ 100 ಗ್ರಾಂ; ಇಳಿದದ್ದು ತೂಕ, ಅಂದರೆ ಅದರ ಮೇಲಿನ ಸೆಳೆತ. ತಟ್ಟೆಯ ತಕ್ಕಡಿಯಲ್ಲಿ ಎರಡೂ ಬದಿಯನ್ನು ಎಳೆಯುವುದು ಅದೇ ಸೆಳೆತ, ಹಾಗಾಗಿ ಸೆಳೆತ ಆರನೇ ಒಂದರಷ್ಟಿರುವ ಚಂದ್ರನ ಮೇಲೂ ಮುಳ್ಳು ನಡುವೆಯೇ ನಿಲ್ಲುತ್ತದೆ. ಪೇಟೆಯಲ್ಲಿ ಎರಡಕ್ಕೂ ತೂಕವೆಂದೇ ಹೇಳುತ್ತೇವೆ. ದ್ರವ್ಯರಾಶಿ ಎಂಬ ಪದವನ್ನು ನಾನು ಹತ್ತನೇ ತರಗತಿಯ ಪರೀಕ್ಷೆಯ ಜೊತೆಗೇ ಮರೆತಿದ್ದೆ.

ಚಿನಿವಾರರು ನಂಬಲಿಲ್ಲ. ಬ್ಯಾಟರಿಯ ತಕ್ಕಡಿಯ ಮೇಲೆ ಬಟ್ಟು ಇಟ್ಟು ಅವರನ್ನು ಪಕ್ಕದ ಕಟ್ಟಡದ ಲಿಫ್ಟಿಗೆ ಕರೆದೊಯ್ದೆ. ಮೇಲಕ್ಕೆ ಹೊರಡುವಾಗ ಅಂಕಿ ಏರಿತು, ನಡುವೆ ಮೊದಲಿನಂತಾಯಿತು, ನಿಲ್ಲುವಾಗ ಇಳಿಯಿತು. ನಾಲ್ಕು ಸಲ ಮೇಲೆ ಕೆಳಗೆ ಓಡಾಡಿಸಿದರು. ಕಾವಲುಗಾರ ನಮ್ಮನ್ನೇ ನೋಡುತ್ತಿದ್ದ.

ದುರಸ್ತಿಗೆ ಎರಡು ನಿಮಿಷ: ಸೊನ್ನೆ ಮಾಡಿ, ಹೊಂದಾಣಿಕೆಯ ಗುಂಡಿ ಒತ್ತಿ, 100 ಗ್ರಾಂ ಬಟ್ಟು ಇಟ್ಟೆ. ಬಳಿಕ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಲು ಹೇಳಿದೆ.

ಕೆಲವು ತಿಂಗಳ ನಂತರ ಅವರು ಚೆನ್ನೈಗೆ ಹೊರಟರು. ಅಕ್ಷಾಂಶ ಹೆಚ್ಚುಕಡಿಮೆ ನಮ್ಮದೇ, ಆದರೆ ಕಡಲ ತೀರ. ಬಟ್ಟು ಜೊತೆಗಿರಲಿ ಎಂದಿದ್ದೆ. ಮರುದಿನ ಫೋನ್ ಬಂತು: "100.02, 100.03 ಎಂದು ಹೊಯ್ದಾಡುತ್ತಿದೆ. ಇಲ್ಲಿ ಲಿಫ್ಟ್ ಇಲ್ಲವಲ್ಲ?"